ಎರಡು ಒತ್ತಿದ ಭೋಜರಾಜ

ಕೋಟೇಶ್ವರದ ಭೋಜರಾಜ ಏಳು ಗಂಟೆಗೇ ಬಿ.ಪಿ. ಮಾತ್ರೆ ನುಂಗಿದ್ದ. ಎಂಟಕ್ಕೆ ಮೊಬೈಲ್ ಟಿಣ್ ಎಂದಿತು. ‘ಇಂದಿನ ಮಾತ್ರೆ ತೆಗೆದುಕೊಂಡಿರಾ? ಹೌದಾದರೆ 1, ಇಲ್ಲವಾದರೆ 2 ಕಳುಹಿಸಿ.’ ಪರೀಕ್ಷೆಯಲ್ಲಿ ಕಾಪಿ ಹೊಡೆಯುವವನಂತೆ ಆಚೀಚೆ ನೋಡಿ ಅವನು 2 ಕಳುಹಿಸಿದ. ಇದು ಒಂಬತ್ತನೇ ದಿನ.

ಮೊಬೈಲ್ ಸಂದೇಶದಿಂದ ರೋಗಿಗಳಿಗೆ ಉಪಯೋಗ ಉಂಟೋ ಎಂದು ಒಂದು ಮೆಡಿಕಲ್ ಕಾಲೇಜಿನವರು ಅಧ್ಯಯನ ನಡೆಸುತ್ತಿದ್ದರು. ಮಾತ್ರೆ ತಪ್ಪಿಸಿದರೆ ಮನೆಯವರಿಗೂ ಮೆಸೇಜ್ ಹೋಗಬಹುದು ಎಂದಿದ್ದರು. ಭೋಜರಾಜ ಹೆಂಡತಿ ಅಮ್ಮಣ್ಣಿಯ ನಂಬರ್ ಬರೆಸಿದ್ದ.

ಬಿ.ಪಿ. ಅಂತ ಉಪ್ಪು ಕಮ್ಮಿ ಹಾಕಿದ್ದಕ್ಕೆ, ನೆಂಟರೆದುರು ಅವನು ಸಾರಿನ ಬಟ್ಟಲು ದೂಡಿದ್ದ. ಅಮ್ಮಣ್ಣಿ ಚೀಲ ಹಿಡಿದು ಮರವಂತೆಯ ಅಣ್ಣನ ಮನೆಗೆ ಹೋಗಿ ತಿಂಗಳಾಗಿತ್ತು. ಇವನು ಇನ್ನೂ ಇಬ್ಬರಿಗೇ ಅಕ್ಕಿ ಅಳೆಯುತ್ತಿದ್ದ. ಬೈಯಲಿಕ್ಕಾದರೂ ಒಂದು ಫೋನ್ ಬರಲಿ ಎಂದು ಕಾಯುತ್ತಿದ್ದ.

ಅವತ್ತು ಬಂದದ್ದು ಫೋನಲ್ಲ, ಆಶಾ ಕಾರ್ಯಕರ್ತೆ ಜಲಜ.

“ಹ್ವಾಯ್ ಭೋಜರಾಜಣ್ಣ, ಒಂಬತ್ತ್ ದಿನದಿಂದ ಮಾತ್ರೆ ತಿಂದಿಲ್ಯಂಬ್ರಲೆ! ಎಂತ ಕತಿ?”

ಮಾತು ಮುಗಿಯುವುದರೊಳಗೆ ಪಕ್ಕದ ಮನೆಯ ಸೀತು ಕಂಪೌಂಡ್ ಹಾರಿ ಬಂದ. ಎದುರು ಮನೆಯ ಬೆಳ್ಳಿಯಮ್ಮನೂ ಬಂದಳು. ಜಲಜ ಮಾತ್ರೆಯ ಪಟ್ಟಿ ನೋಡಿದರೆ ಒಂಬತ್ತೂ ಗುಳಿ ಖಾಲಿ.

“ತಿನ್ನದಿದ್ರೆ ಇದೆಲ್ಲ ಎಲ್ಲಿಗ್ ಹೋಯ್ತ್?”

“ಕೋಳಿಗ್ ಹಾಕಿರ್ಕ್,” ಎಂದ ಸೀತು. “ಎರಡ್ ದಿನದಿಂದ ಇವ್ರ್ ಹುಂಜ ಕೂಗುದೇ ಇಲ್ಲ.”

ಭೋಜರಾಜ ಬಾಯಿ ತೆರೆದ. ನಿಜ ಹೇಳಿದರೆ ಸಂಜೆಯೊಳಗೆ ಊರಿಗೇ ಸುದ್ದಿ. ಬಾಯಿ ಮುಚ್ಚುವ ಮೊದಲೇ ಜಲಜ ಅದರೊಳಗೆ ಇನ್ನೊಂದು ಮಾತ್ರೆ ಹಾಕಿ ನೀರು ಕುಡಿಸಿದಳು. ಬೆಳ್ಳಿಯಮ್ಮ, “ಇದ್ ಬಿ.ಪಿ.ಗೆ ಭಾರೀ ಒಳ್ಳೇದ್,” ಎಂದು ಒಂದು ಲೋಟ ಕಷಾಯ ಹೊಯ್ದಳು.

ಅರ್ಧ ಗಂಟೆಯಲ್ಲಿ ಭೋಜರಾಜ ಒದ್ದೆ ಬಟ್ಟೆಯ ಹಾಗೆ ಬೆಂಚಿನ ಮೇಲೆ ಜೋತುಬಿದ್ದ. ಮೂವರೂ ಸೇರಿ ಅವನನ್ನು ರಿಕ್ಷಾಕ್ಕೆ ತುಂಬಿ, ಕುಂದಾಪುರದ ಅಧ್ಯಯನದ ಆಫೀಸಿಗೆ ತಂದರು.

ಅಲ್ಲಿದ್ದ ಡಾಕ್ಟರ್ ಸುರಕ್ಷಾ ಬಿ.ಪಿ. ನೋಡಿ ಹುಬ್ಬೇರಿಸಿದಳು. “ಮಾತ್ರೆ ತಿನ್ನದೆ ಇಷ್ಟು ಕಮ್ಮಿಯಾ?” ಅವನನ್ನು ಮಲಗಿಸಿ, ಉಳಿದವರನ್ನು ಹೊರಗೆ ಕಳಿಸಿದಳು. ಬಿ.ಪಿ. ಸರಿಯಾಗುವ ಹೊತ್ತಿಗೆ ಭೋಜರಾಜ ಎಲ್ಲ ಒಪ್ಪಿಕೊಂಡಿದ್ದ.

“ಡಾಕ್ಟ್ರೇ, ಅವ್ಳಿಗೆ ಮೆಸೇಜ್ ಹೋಯಿತ್ತಾ ಇಲ್ಯಾ, ಅಷ್ಟ್ ಹೇಳಿ ಸಾಕ್.”

“ಅರ್ಧ ಜನರ ಮನೆಯವರಿಗೆ ಮಾತ್ರ ಹೋಗ್ತದೆ. ಯಾರಿಗೆ ಅಂತ ಅಧ್ಯಯನ ಮುಗಿಯುವವರೆಗೆ ನಂಗೂ ಗೊತ್ತಾಗುದಿಲ್ಲ. ಇನ್ನು ಹತ್ತು ತಿಂಗಳು. ನೀವೇ ಒಂದು ಫೋನ್ ಮಾಡ್ಬಹುದಲ್ಲ?”

ಭೋಜರಾಜ ಅಂಗಿಯ ತೋಳು ಇಳಿಸುತ್ತ ಕೂತ. “ಮೆಸೇಜ್ ಓದಿಯೂ ಅವ್ಳ್ ಸುಮ್ನಿದ್ದಿದ್ರೆ? ಅದ್ನ ಅವ್ಳ್ ಬಾಯಲ್ಲಿ ಕೇಳ್ವ ಧೈರ್ಯ ನಂಗಿಲ್ಲ.”

ರಿಕ್ಷಾ ಅವನನ್ನು ಹೊತ್ತು ಹೋಯಿತು. ಹತ್ತು ನಿಮಿಷಕ್ಕೆ ಬಸ್ಸಿಳಿದು ಒಬ್ಬ ಹೆಂಗಸು ಒಳಗೆ ಬಂದಳು. ಹನ್ನೆರಡು ದಿನ 2 ಕಳುಹಿಸಿದ್ದಕ್ಕೆ ಆಫೀಸಿನವರೇ ಕರೆಸಿದ್ದರು. ಅವಳ ಮಾತ್ರೆಯ ಪಟ್ಟಿಯೂ ಖಾಲಿ, ಬಿ.ಪಿ.ಯೂ ಸರಿ. ಸುರಕ್ಷಾ ಫಾರಂ ತಿರುಗಿಸಿದಳು. ಹೆಸರು ಅಮ್ಮಣ್ಣಿ, ಮರವಂತೆ. ತಿಳಿಸಬೇಕಾದ ಮನೆಯವರು: ಗಂಡ, ಭೋಜರಾಜ, ಕೋಟೇಶ್ವರ.

ಸುರಕ್ಷಾ ಬಾಗಿಲಿಗೆ ಓಡಿದಳು. ರಿಕ್ಷಾ ಯಾವಾಗಲೋ ಶಾಸ್ತ್ರಿ ಸರ್ಕಲ್ ದಾಟಿ ಹೋಗಿತ್ತು. ಒಬ್ಬ ರೋಗಿಯ ವಿಷಯ ಇನ್ನೊಬ್ಬರಿಗೆ ಹೇಳುವಂತಿಲ್ಲ. ಆ ನಿಯಮಕ್ಕೆ ಅವಳೇ ಸಹಿ ಹಾಕಿದ್ದಳು.

“ಅಕ್ಕ, ನೀವೇ ಒಂದು ಫೋನ್ ಮಾಡಿ ನೋಡಿ,” ಎಂದಳು ಬೇಡುವವಳಂತೆ.

“ಹನ್ನೆರಡ್ ದಿನ ಮೆಸೇಜ್ ಓದಿಯೂ ಸುಮ್ನಿಪ್ಪೋರಿಗೆ ನಾನೆಂತಕ್ ಫೋನ್ ಮಾಡುದ್, ಮಗಾ?”

ಅಮ್ಮಣ್ಣಿ ಸೆರಗಿನಿಂದ ಕಣ್ಣೊರೆಸಿಕೊಂಡು, ಮರವಂತೆ ಕಡೆಯ ಬೈಂದೂರು ಬಸ್ಸು ಹೊರಡುವ ಮೊದಲೇ ಓಡಿ ಹತ್ತಿದಳು.