ರೊಟ್ಟಿ ನನ್ನದು, ರಿಟರ್ನ್ ಮೊಮ್ಮಗಳದು

ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ಅದರಲ್ಲೂ ನಾಲ್ಕನೆಯದರ ಪರೀಕ್ಷೆಯ ದಿನವೇ ಮನೆಯ ಎಮ್ಮೆ ಈಯಲು ನಿಂತದ್ದರಿಂದ ಮೂರೂವರೆ ಎಂದರೂ ನಡೆಯುತ್ತದೆ. ಇದನ್ನು ಬಹಳ ವರ್ಷ ತಗ್ಗಿದ ದನಿಯಲ್ಲಿ ಹೇಳುತ್ತಿದ್ದೆ. ಈಗ ಓಣಿಗೆಲ್ಲ ಕೇಳುವಂತೆ ಹೇಳುತ್ತೇನೆ. ಯಾಕೆಂದರೆ, ಹದಿನಾರು ವರ್ಷ ಶಾಲೆ ಕಾಲೇಜಿಗೆ ಎಡತಾಕಿದ ನನ್ನ ಮೊಮ್ಮಗಳು ನೀಲಾ, ಒಂದು ಹನಿ ರಕ್ತ ನೋಡಿ ಅದರ ಒಡೆಯನಿಗೆ ಸಕ್ಕರೆ ಕಾಯಿಲೆ ಇದೆಯೋ ಕಾಮಣಿ ಇದೆಯೋ ಹೇಳಬಲ್ಲವಳು, ತನ್ನದೇ ಮೊದಲ ಪಗಾರದ ಚೀಟಿಯನ್ನು ಹೀಗೆ ತಿರುಗಿಸಿ ಹಾಗೆ ತಿರುಗಿಸಿ ಕೊನೆಗೆ ನನ್ನ ಮುಂದೆ ಹಿಡಿದಳು. ಮಕ್ಕಳಿಗೆ ಎಲ್ಲ ಕಲಿಸುತ್ತಾರೆ, ದುಡಿದ ಮೇಲೆ ಕೈಗೆ ಬರುವ ಕಾಗದ ಓದುವುದನ್ನು ಮಾತ್ರ ಯಾರೂ ಕಲಿಸುವುದಿಲ್ಲ.

ಅವಳಿಗೆ ಗದಗಿನ ಒಂದು ಖಾಸಗಿ ದವಾಖಾನೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ಮಾತಾಡಿಕೊಂಡದ್ದು ತಿಂಗಳಿಗೆ ಹದಿನೆಂಟು ಸಾವಿರ. ಪಗಾರ ಬರುವ ಮೊದಲೇ ನಾನು ಹತ್ತು ಮನೆಗೆ ಸಕ್ಕರೆ ಹಂಚಿ, ಹತ್ತೂ ಮನೆಯಲ್ಲಿ ಹದಿನೆಂಟು ಎಂದು ಹೇಳಿಬಂದಿದ್ದೆ. ಬ್ಯಾಂಕಿಗೆ ಬಂದದ್ದು ಹದಿನಾರು ಸಾವಿರದ ಇನ್ನೂರು. ಹಂಚಿದ ಸಕ್ಕರೆಯನ್ನು ತಿರುಗಿ ಕೇಳುವ ಹಾಗಿಲ್ಲ.

"ಉಳಿದ ಹದಿನೆಂಟನೂರು ಎಲ್ಲಿ ಹೋತು?" ಎಂದೆ.

"ಸರಕಾರಕ್ಕ ಕಟ್ ಮಾಡ್ಯಾರ ಆಯಿ. ಟಿಡಿಎಸ್ ಅಂತ ಬರದಾರ ನೋಡು."

"ಸರಕಾರದ ಕಡೆ ನೀ ಏನು ಸಾಲಾ ಕಡಾ ತಗೊಂಡಿದ್ದಿ?"

"ಕಡಾ ಅಲ್ಲ. ನೂರಕ್ಕ ಹತ್ತು ಹಿಡೀತಾರಂತ."

"ಹಂಗಾರ ದವಾಖಾನಿಯವ್ರು ನುಂಗ್ಯಾರ. ನಾಳೆ ಹೋಗಿ ಕೇಳು. ನಕ್ಕೋಂತ ಕೇಳಬ್ಯಾಡ, ಸಿಟ್ಟಿಲೆ ಕೇಳು."

ಅವಳು ನಗುತ್ತಲೇ ಕೇಳಿ ಬಂದಳು. ಅವಳ ಸ್ವಭಾವ ಅವಳ ತಾಯಿಯ ಕಡೆಯದು. ತಂದ ಉತ್ತರ ಇಷ್ಟು: ಮೊದಲ ವರ್ಷ ಅವಳು ಕಾಯಂ ನೌಕರಳಲ್ಲ, ಕರಾರಿನ ಮೇಲೆ ಇರುವವಳು. ಅಂಥವರ ಹಣದಲ್ಲಿ ಹತ್ತನೆಯ ಪಾಲು ಮೊದಲೇ ಹಿಡಿದು ಅವರ ಪ್ಯಾನ್ ಕಾರ್ಡಿನ ಹೆಸರಿಗೆ ಸರಕಾರಕ್ಕೆ ಕಟ್ಟುತ್ತಾರೆ. ವರ್ಷ ಮುಗಿದ ಮೇಲೆ ಇವಳು ತನ್ನ ಗಳಿಕೆ ಇಷ್ಟು ಎಂದು ರಿಟರ್ನ್ ಹಾಕಬೇಕು. ತೆರಿಗೆ ಬೀಳುವಷ್ಟು ಗಳಿಕೆ ಇಲ್ಲದಿದ್ದರೆ ಹಿಡಿದದ್ದೆಲ್ಲ ತಿರುಗಿ ಬರುತ್ತದೆ.

"ಸರಕಾರದ ಹೊಟ್ಟಿಗೆ ಹೋದದ್ದು ತಿರುಗಿ ಬಂದದ್ದನ್ನ ನಾ ತವರುಮನಿ ಸೊರಟೂರಾಗೂ ಕಂಡಿಲ್ಲ, ಗಂಡನ ಮನಿ ಬೆಟಗೇರ್ಯಾಗೂ ಕಂಡಿಲ್ಲ," ಎಂದು ಆ ಮಾತನ್ನು ಅಲ್ಲಿಗೇ ಮುಗಿಸಿದೆ.

ಆದರೆ ಅದು ಮುಗಿಯಲಿಲ್ಲ. ದವಾಖಾನೆ ಇರುವುದು ಊರ ಹೊರಗೆ, ಮುಂಡರಗಿ ರಸ್ತೆಯಲ್ಲಿ. ಬರಿಹೊಟ್ಟೆಯ ರಕ್ತ ತೆಗೆಯಲು ಬೆಳಿಗ್ಗೆ ಆರಕ್ಕೆ ಅಲ್ಲಿರಬೇಕು. ಆ ಹೊತ್ತಿಗೆ ನಮ್ಮ ಕಡೆಯಿಂದ ಬಸ್ಸಿಲ್ಲ, ಆಟೋದವನು ಕೇಳುವ ಬಾಡಿಗೆಗೆ ಅವನ ಆಟೋವನ್ನೇ ಕೊಳ್ಳಬಹುದು. ಇವಳು ಬಸ್ಸು ಹಿಡಿದು ತಡವಾಗಿ ಮುಟ್ಟುವವರೆಗೆ ಹಸಿದ ರೋಗಿಗಳು ಕಾಯುತ್ತ ಕುಳಿತು ಸಿಟ್ಟು ನೆತ್ತಿಗೇರಿಸಿಕೊಳ್ಳುತ್ತಿದ್ದರು. ವರ್ಷ ಮುಗಿಯುತ್ತ ಬಂದಾಗ ದೊಡ್ಡ ಡಾಕ್ಟರು ಇವಳನ್ನು ಕರೆದು, ಒಂದು ಗಾಡಿ ಮಾಡಿಕೋ, ಮಳೆಗಾಲ ಕಳೆಯುವವರೆಗೆ ನೋಡುತ್ತೇನೆ, ಆಮೇಲೆ ಬೆಳಗಿನ ಪಾಳಿಗೆ ಬೇರೆಯವರನ್ನು ತೆಗೆದುಕೊಳ್ಳುತ್ತೇನೆ ಎಂದರಂತೆ. ನಮ್ಮ ಓಣಿಯ ಟೀಚರಬಾಯಿ ತಮ್ಮ ಹಳೆಯ ಸ್ಕೂಟಿಯನ್ನು ಇಪ್ಪತ್ತೊಂದು ಸಾವಿರಕ್ಕೆ ಕೊಡಲು ತಯಾರಿದ್ದರು. ಹದಿನೆಂಟನೂರನ್ನು ಹನ್ನೆರಡು ಸಲ ಕೂಡಿಸಿದರೆ ಇಪ್ಪತ್ತೊಂದು ಸಾವಿರದ ಆರನೂರು. ಈ ಲೆಕ್ಕವನ್ನು ನಾನು ರೊಟ್ಟಿ ಬಡಿಯುತ್ತಲೇ ಮಾಡಿದೆ. ಅಂದರೆ ಹಿಡಿದ ಹಣ ಬಂದರೆ ಸ್ಕೂಟಿ, ಸ್ಕೂಟಿ ಬಂದರೆ ನೌಕರಿ.

ನಿನ್ನ ರೊಟ್ಟಿಯ ದುಡ್ಡಿನಲ್ಲಿ ಕೊಡಿಸಬಾರದಿತ್ತೇ ಎಂದು ನೀವು ಕೇಳಬಹುದು. ಆ ವರ್ಷ ರೊಟ್ಟಿಯ ದುಡ್ಡನ್ನೆಲ್ಲ ಸೋರುವ ಮಾಳಿಗೆ ನುಂಗಿತ್ತು. ಹೌದು, ನನ್ನದು ರೊಟ್ಟಿಯ ಧಂದೆ. ಗಂಡ ಹೋದ ಮೇಲೆ ಒಂದು ಹಂಚಿನಿಂದ ಶುರುಮಾಡಿದ್ದು ಈಗ ಮೂರು ಒಲೆ, ಆರು ಹಂಚು, ನಾಲ್ವರು ಹೆಣ್ಣಾಳು. ಗದಗಿನ ಖಾನಾವಳಿಗಳಿಗೆ ದಿನವೂ ಮೆತ್ತನ್ನ ರೊಟ್ಟಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಮದುವೆ ಮನೆಗಳಿಗೆ ಖಡಕ್ ರೊಟ್ಟಿ. ಮೊದಲು ನೋಟು ಚಿಲ್ಲರೆ ಸೆರಗಿನ ಗಂಟಿಗೆ ಬರುತ್ತಿತ್ತು. ಆಮೇಲೆ ಖಾನಾವಳಿಯವರು ಸ್ಕ್ಯಾನರ್ ಇಟ್ಟುಕೊಳ್ಳಿರಿ ಎಂದು ದುಂಬಾಲು ಬಿದ್ದರು. ನನಗೆ ಫೋನಿನಲ್ಲಿ ಹಸಿರು ಒತ್ತುವುದು, ಕೆಂಪು ಒತ್ತುವುದು, ಎರಡೇ ಬರುತ್ತದೆ. ನೀಲಾ ತನ್ನ ಖಾತೆಯ ಸ್ಕ್ಯಾನರ್ ಚೀಟಿಯನ್ನು ತಂದು ಒಲೆಯ ಪಕ್ಕದ ಗೋಡೆಗೆ ಅಂಟಿಸಿದಳು. ಅವರು ಫೋನು ಹಿಡಿಯುವರು, ಹಣ ಅವಳ ಖಾತೆಗೆ ಹೋಗುವುದು, ವಾರಕ್ಕೊಮ್ಮೆ ಅವಳು ತೆಗೆದು ನನ್ನ ಕೈಗೆ ಕೊಡುವಳು. ಒಂದೇ ಮನೆ, ಒಂದೇ ಒಲೆ. ಇದರಲ್ಲಿ ತಪ್ಪೇನಿದೆ ಎಂದು ಮೂರೂವರೆ ಇಯತ್ತೆಗೂ ಹೊಳೆಯಲಿಲ್ಲ, ಹದಿನಾರು ವರ್ಷಕ್ಕೂ ಹೊಳೆಯಲಿಲ್ಲ.

ಹೊಳೆದದ್ದು ಇಮಾಮಸಾಬನಿಗೆ. ಇವನು ಲಕ್ಷ್ಮೇಶ್ವರದವನು. ಅವನ ತಾಯಿ ನಮ್ಮ ಓಣಿಗೆ ಬಂದು ಬಳೆ ಇಡುತ್ತಿದ್ದಳು. ಮಗ ಕಲಿತು ಗದಗಿನಲ್ಲಿ ಒಂದು ಮೆಟ್ಟಿಲಿನ ಕೆಳಗೆ ಕಂಪ್ಯೂಟರ್ ಇಟ್ಟುಕೊಂಡು ಮಂದಿಯ ರಿಟರ್ನ್ ಹಾಕಿಕೊಡುತ್ತಾನೆ. ನೀಲಾ ಒಬ್ಬಳೇ ಹೋಗುತ್ತೇನೆ ಎಂದಳು. ದುಡ್ಡು ಬಿಡಿಸಿಕೊಳ್ಳಲು ನಗುವವಳನ್ನು ಒಬ್ಬಳನ್ನೇ ಕಳಿಸಬಾರದೆಂದು ನಾನೂ ಹೊರಟೆ.

ಅವನು ಮೊದಲು ನನಗೆ ಕುರ್ಚಿ ಕೊಟ್ಟ, ಆಮೇಲೆ ಧೈರ್ಯ ಕೊಟ್ಟ. "ನಿಮ್ಮ ಕಾಲದಾಗ ಕಣದಾಗ ಆಯ ಕೊಡತಿದ್ದಿಲ್ಲೇನ್ರಿ ಅಮ್ಮಾರ? ಬಡಿಗ್ಯಾಗ, ಕಂಬಾರಗ ರಾಶಿಯೊಳಗ ಪಾಲು ಅಳದು ಕೊಟ್ಟು, ಉಳಿದದ್ದನ್ನ ಮನಿಗೆ ತರತಿದ್ರಿ. ಇದೂ ಹಂಗ. ರಾಶಿ ಎಷ್ಟಾಕ್ಕೈತೋ ಗೊತ್ತಿಲ್ಲಂತ ಮೊದಲ ಒಂದಿಷ್ಟು ತಗದಿಡತಾರ. ರಾಶಿ ಸಣ್ಣದಾತಂದ್ರ ತಿರುಗಿ ಕೊಡತಾರ."

ನನಗೆ ಒಂದೇ ಸಲಕ್ಕೆ ತಿಳಿಯಿತು. ಬಡಿಗ ನೇಗಿಲು ಮಾಡಿಕೊಡುತ್ತಿದ್ದ, ಸರಕಾರ ರಸ್ತೆ ಮಾಡುತ್ತದೆ. ಬಡಿಗನ ನೇಗಿಲು ಗಟ್ಟಿ ಇರುತ್ತಿತ್ತು, ಅದು ಬೇರೆ ಮಾತು. ನೀಲಾ ಕಣವನ್ನು ಕಂಡವಳಲ್ಲ. ಅವಳಿಗೆ ಮೊದಲು ಕಣ ಎಂದರೇನು, ರಾಶಿ ಎಂದರೇನು ಎಂದು ತಿಳಿಸಿ, ಆಮೇಲೆ ತೆರಿಗೆಗೆ ಬರಬೇಕಾಯಿತು. ಕಣಕ್ಕಿಂತ ಅವಳಿಗೆ ತೆರಿಗೆಯೇ ಸುಲಭವೆನಿಸಿತು.

ಅಷ್ಟರಲ್ಲಿ ಇಮಾಮಸಾಬ ಅವಳ ಬ್ಯಾಂಕಿನ ಕಾಗದ ನೋಡುತ್ತ ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿದ.

"ಯವ್ವಾ ನೀಲಾ, ನೀ ಲ್ಯಾಬಿನ್ಯಾಗ ರಕ್ತ ತಗೀತೀಯೋ, ರೊಟ್ಟಿ ಬಡೀತೀಯೋ? ಪಗಾರಕ್ಕಿಂತ ನಾಕು ಪಟ್ಟು ರೊಕ್ಕ ಬಂದೈತಿ. ರೊಟ್ಟಿ ಇನ್ನೂರು, ರೊಟ್ಟಿ ಐನೂರು ಅಂತ ಬರದು ಹಾಕ್ಯಾರ."

ನೀಲಾ ನನ್ನ ಮುಖ ನೋಡಿದಳು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹುಡುಕತೊಡಗಿದೆ.

"ಮಂದಿ ಪ್ರೀತಿಲೆ ಹಾಕ್ಯಾರಪಾ," ಎಂದೆ.

"ಇಷ್ಟು ಪ್ರೀತಿ ಮುಂಡರಗ್ಯಾಗ ಯಾರ ಮ್ಯಾಲೂ ಇಲ್ಲ ಬಿಡ್ರಿ ಅಮ್ಮಾರ. ಖರೆ ಹೇಳ್ರಿ. ಇದೆಲ್ಲಾ ಇಕೀದ ಅಂತ ಹಿಡದ್ರ, ತಿರುಗಿ ಬರೋದು ಹಂಗಿರಲಿ, ಮ್ಯಾಲ ಇಕಿನ ಕಟ್ಟಬೇಕಾಕ್ಕೈತಿ."

ನಾನು ಬಾಯಿ ಬಿಡಲಿಲ್ಲ. ಇದಕ್ಕೆ ಕಾರಣ ನನ್ನ ತಾಯಿ. ನಾನು ಸಣ್ಣವಳಿದ್ದಾಗ ಲೆವಿ ಎಂದು ರೈತರ ಜೋಳದಲ್ಲಿ ಪಾಲು ಅಳೆದು ಒಯ್ಯಲು ಸರಕಾರದವರು ಮನೆಮನೆಗೆ ಬರುತ್ತಿದ್ದರು. ನನ್ನ ತಾಯಿ ನೆಲದೊಳಗೆ ಜೋಳ ತುಂಬಿಟ್ಟ ಹಗೇವಿನ ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಸಗಣಿ ಸಾರಿಸಿ, ಅದರ ಮೇಲೆ ಕೌದಿ ಹಾಸಿ, ಕೂಸಿಗೆ ಮೊಲೆ ಕೊಡುತ್ತ ಕುಳಿತುಬಿಡುವಳು. ಹಾಲುಣಿಸುವ ಬಾಣಂತಿಯನ್ನು ಏಳು ಎನ್ನಲು ಯಾವ ಸಾಹೇಬನಿಗೂ ಬಾಯಿ ಬರುತ್ತಿರಲಿಲ್ಲ. ಹಾಗೆ ಮೂರು ವರ್ಷ ನಡೆಯಿತು. ಮೂರನೆಯ ವರ್ಷ ಆ ಕೂಸು ನಾಲ್ಕು ರೊಟ್ಟಿ ತಿನ್ನುತ್ತಿತ್ತು. ಅದರ ಅಕ್ಕ ನಾನು. ಸರಕಾರದವರು ಕೇಳಿದರೆ ಇಲ್ಲ ಎನ್ನಬೇಕು ಎಂಬುದನ್ನು ನನಗೆ ಯಾರೂ ಕಲಿಸಲಿಲ್ಲ, ಹಾಲಿನಲ್ಲೇ ಬಂತು.

ನೀಲಾ ಇಮಾಮಸಾಬನಿಗೆ ಮೆಲ್ಲಗೆ ಹೇಳಿದಳು: "ಹೋಗ್ಲಿ ಬಿಡ್ರಿ ಅಣ್ಣಾರ. ಆಯಿಗೆ ತ್ರಾಸ ಬ್ಯಾಡ. ಆ ರೊಟ್ಟಿ ಧಂದೆ ನಂದ ಅಂತ ಬರಕೊಳ್ರಿ. ಸ್ಕೂಟಿ ಮುಂದ ನೋಡಿದ್ರಾತು."

ಅವಳು ನನ್ನ ಮೇಲಿನ ಕರುಣೆಯಿಂದ ಹೇಳಿದಳೆಂದು ಈಗ ತಿಳಿಯುತ್ತದೆ. ಆಗ ನನ್ನ ಕಿವಿಗೆ ಬಿದ್ದದ್ದು ಒಂದೇ: ರೊಟ್ಟಿ ಧಂದೆ ನಂದು.

"ಏನಂದಿ?" ಎಂದೆ. "ನಿಂದಾ? ಹಂಚಿನ ಮ್ಯಾಲ ಒಂದರ ರೊಟ್ಟಿ ದುಂಡಗ ಬಂದೈತೇನ ನಿನಗ? ನೀ ಬಡದ ರೊಟ್ಟಿಗೆ ನಾಯಿ ಸೈತ ಎರಡ ಸಲ ವಿಚಾರ ಮಾಡತೈತಿ. ಬರಕೋ ಇಮಾಮಸಾಬ. ರೊಟ್ಟಿ ನಂದು, ಒಲಿ ನಂದು, ಆ ರೊಕ್ಕ ಎಲ್ಲಾ ನಂದು. ಯಾವ ಸಾಹೇಬ ಬರತಾನೋ ಬರಲಿ."

ಇಮಾಮಸಾಬ ಕುರ್ಚಿಗೆ ಒರಗಿ, "ಇಷ್ಟ ಬೇಕಾಗಿತ್ತು ನೋಡ್ರಿ," ಎಂದ.

ಆದರೆ ಬಾಯಿಮಾತು ಸಾಲದು. ನನಗೊಂದು ಪ್ಯಾನ್ ಕಾರ್ಡು, ನನ್ನದೇ ಖಾತೆಯ ಸ್ಕ್ಯಾನರ್, ರೊಟ್ಟಿ ಒಯ್ದದ್ದು ಇವರಿಂದಲೇ ಎಂದು ಖಾನಾವಳಿಯವರ ಬರಹ, ಇಷ್ಟೂ ಬೇಕು ಎಂದ. ಇನ್ನು ಮುಂದೆ ಒಬ್ಬರ ಗಳಿಕೆ ಇನ್ನೊಬ್ಬರ ಖಾತೆಗೆ ಹೋಗಕೂಡದು, ಮನೆ ಒಂದೇ ಇದ್ದರೂ ಪ್ಯಾನ್ ಎರಡು ಎಂದು ಇಬ್ಬರಿಗೂ ಸಮನಾಗಿ ಬೈದ. ಕೊನೆಗೆ, "ಲೆಕ್ಕದ ಪುಸ್ತಕ ಐತೇನ್ರಿ?" ಎಂದು ಕೇಳಿದ.

"ಪುಸ್ತಕ ಯಾಕ? ಅಡಿಗಿ ಮನಿ ಗ್ವಾಡಿ ಮ್ಯಾಲ ಇದ್ದಲಿಲೆ ಗೀಟು ಹೊಡದಿರತೀನಿ. ನೂರು ರೊಟ್ಟಿಗೆ ಒಂದು ಗೀಟು."

"ಗ್ವಾಡಿ ನೋಡಬೇಕಲ್ರಿ ಹಂಗಾರ."

"ದೀಪಾವಳಿಗೆ ಸುಣ್ಣ ಹಚ್ಚೀನಿ."

ಇಮಾಮಸಾಬ ಪೆನ್ನು ಕೆಳಗಿಟ್ಟ. ಅವನ ಜೀವಮಾನದಲ್ಲಿ ಲೆಕ್ಕದ ಪುಸ್ತಕ ಕಳೆದುಕೊಂಡವರನ್ನು ಕಂಡಿದ್ದನಂತೆ, ಸುಣ್ಣ ಹಚ್ಚಿದವರನ್ನು ಕಂಡಿರಲಿಲ್ಲ. ಆದರೂ ದಾರಿ ಇತ್ತು. ಸಣ್ಣ ಧಂದೆಯವರಿಗೆ ಪುಸ್ತಕ ಬೇಡ, ಬ್ಯಾಂಕಿಗೆ ಬಂದದ್ದರಲ್ಲಿ ನೂರಕ್ಕೆ ಕಡಿಮೆ ಎಂದರೆ ಆರು ರೂಪಾಯಿಯನ್ನಾದರೂ ಲಾಭ ಎಂದು ತೋರಿಸಬೇಕು, ಹೆಚ್ಚು ಉಳಿದಿದ್ದರೆ ಹೆಚ್ಚು ಹೇಳಬೇಕು. ಬಂದದ್ದೆಲ್ಲ ಗಳಿಕೆಯಲ್ಲ, ಖರ್ಚು ಕಳೆದು ಉಳಿದದ್ದಷ್ಟೇ ಗಳಿಕೆ ಎಂದು ನನಗೆ ತಿಳಿಸಲು ಹೊರಟ. ಜೋಳ, ಗಿರಣಿ, ಕಟ್ಟಿಗೆ, ಹೆಣ್ಣಾಳಿನ ಕೂಲಿ, ಹರಿದ ರೊಟ್ಟಿ ಎಂದು ನಾನೇ ಅವನಿಗೆ ತಿಳಿಸಿ ಕೂರಿಸಿದೆ.

ಪ್ಯಾನ್ ಕಾರ್ಡು ಬಂದ ಮೇಲೆ ಮತ್ತೆ ಹೋದೆವು. ನೀಲಾಳ ರಿಟರ್ನ್ ಹಾಕಲು ಚಹಾ ಕುಡಿದಷ್ಟು ಹೊತ್ತು ಹಿಡಿಯಿತು. ಆಮೇಲೆ ನನ್ನದು. ಅವನು ನೂರಕ್ಕೆ ಆರು ಹಾಕಿ, ಎಷ್ಟು ಉಳಿಯುತ್ತದೆ ಎಂದು ಕೇಳಿದ. ಆರಕ್ಕೆ ಯಾವ ಮಬ್ಬು ಹೆಂಗಸು ರೊಟ್ಟಿ ಬಡಿಯುತ್ತಾಳೆ ಎಂದೆ. ಹತ್ತು ಮಾಡಿದ. ನೆತ್ತಿ ಮೇಲಿನ ಬೆವರಿಗೆ ಹತ್ತೇ ಎಂದೆ. ಕಡೆಗೆ ಖರೆ ಎಷ್ಟು ಉಳಿಯುತ್ತದೋ ಅಷ್ಟು ಹೇಳಿದೆ, ಇಪ್ಪತ್ತು. ತೆರಿಗೆಯ ಅಂಗಡಿಯಲ್ಲಿ ಏರಿಸಿ ಏರಿಸಿ ಚೌಕಾಸಿ ಮಾಡಿದವಳು ನಾನೊಬ್ಬಳೇ ಇರಬೇಕು. ಅವನು ಕಂಪ್ಯೂಟರಿನ ಕೀಲಿ ಒತ್ತಿ, ಅದರ ಪರದೆಯನ್ನು ನನ್ನ ಕಡೆ ತಿರುಗಿಸಿದ.

"ಎಷ್ಟು ಕಟ್ಟಬೇಕಪಾ?"

"ಏನೂ ಇಲ್ರಿ. ಸೊನ್ನಿ. ನಿಮ್ಮ ವಯಸ್ಸಿನವ್ರಿಗೆ ಇನ್ನೂ ಭಾಳ ಗಳಿಸಿದ್ರ ತೆರಗಿ."

"ಸರಿಯಾಗಿ ನೋಡು. ನಾಕು ತಾಲೂಕಿಗೆ ರೊಟ್ಟಿ ಹೋಗತಾವ ನನ್ನವು."

"ಎಂಟು ತಾಲೂಕಿಗೆ ಕಳಸ್ರಿ, ಆಮ್ಯಾಲ ಕಟ್ಟೀರಂತ."

ನೀಲಾ ಮೋರೆಗೆ ಸೆರಗು ಹಚ್ಚಿಕೊಂಡು ನಗುತ್ತಿದ್ದಳು. ಅವಳು ಚೂಡಿದಾರದವಳು, ಸೆರಗು ನನ್ನದು.

ಕೆಲವು ವಾರಗಳ ಮೇಲೆ ಅವಳ ಫೋನಿಗೆ ಖಬರು ಬಂತು, ಇಪ್ಪತ್ತೊಂದು ಸಾವಿರದ ಆರನೂರು ಅವಳ ಖಾತೆಗೆ ಜಮಾ. ಟೀಚರಬಾಯಿಯ ಸ್ಕೂಟಿ ನಮ್ಮ ಬಾಗಿಲಿಗೆ ಬಂತು, ಅದಕ್ಕೆ ಲಿಂಬೆಹಣ್ಣು ಕಟ್ಟಿದೆವು, ಈಗ ಅವಳು ಆರಕ್ಕೆ ಐದು ನಿಮಿಷ ಇರುವಾಗಲೇ ರೋಗಿಗಳ ಕೈ ಹಿಡಿದಿರುತ್ತಾಳೆ. ಡಾಕ್ಟರು ಹೊಸ ಕರಾರಿನಲ್ಲಿ ಎರಡು ಸಾವಿರ ಏರಿಸಿದರು. ಈ ಸಲ ಪಗಾರದ ಚೀಟಿಯನ್ನು ಅವಳೇ ಓದಿ ನನಗೆ ತಿಳಿಸಿದಳು. ನಾನು ಒಂದು ತಿಂಗಳು ಕಾದು ಕೇಳಿದೆ: "ನಂದು ಯಾವಾಗ ತಿರುಗಿ ಬರತೈತಿ?"

"ನೀ ಏನರ ಕಟ್ಟಿದ್ರ ಬರತಿತ್ತು ಆಯಿ."

ಓಣಿಯಲ್ಲಿ ಈಗ ಹೊಸದಾಗಿ ನೌಕರಿಗೆ ಹತ್ತಿದ ಹುಡುಗಿಯರು ಪಗಾರದ ಚೀಟಿ ಹಿಡಿದು ನನ್ನ ಒಲೆಯ ಮುಂದೆ ಬಂದು ಕೂರುತ್ತಾರೆ. ಪ್ಯಾನ್ ನಂಬರ್ ಸರಿಯಾಗಿ ಕೊಟ್ಟೀಯೇನು, ಹಿಡಿದದ್ದು ನಿನ್ನ ಹೆಸರಿಗೆ ಜಮಾ ಆಗಿದೆಯೇನು ನೋಡು, ನಿನ್ನ ಖಾತೆಗೆ ಮಂದಿಯ ರೊಕ್ಕ ಹಾಕಿಸಿಕೊಳ್ಳಬೇಡ, ತಾರೀಖು ಮುಗಿಯುವ ಮೊದಲು ಇಮಾಮಸಾಬನ ಕಡೆ ಹೋಗು ಎಂದು ಹೇಳಿ ಕಳಿಸುತ್ತೇನೆ. ನಾನೂ ರಿಟರ್ನ್ ಹಾಕಿದವಳು ಎಂಬುದನ್ನು ಮಾತಿನ ನಡುವೆ ಒಂದೆರಡು ಸಲ ಸೇರಿಸುತ್ತೇನೆ. ಮೊನ್ನೆ ಒಬ್ಬ ಚುರುಕಿನ ಹುಡುಗಿ, "ನೀ ಎಷ್ಟು ಕಟ್ಟಿದಿ ಆಯಿ?" ಎಂದು ಕೇಳಿಯೇ ಬಿಟ್ಟಳು.

ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತ, ದೊಡ್ಡ ಧಂದೆಯವರು ಅದನ್ನೆಲ್ಲ ಬಾಯಿಬಿಟ್ಟು ಹೇಳುವುದಿಲ್ಲ ಎಂದೆ.