ಹುದ್ದೆಗೆ ತಕ್ಕ ದೌರ್ಬಲ್ಯ

ಚಿಪಾಲೆ ಜಿಲ್ಲೆಯಲ್ಲಿ ಮಾನವ ದೌರ್ಬಲ್ಯವನ್ನು ಸಾರ್ವಜನಿಕವಾಗಿ ಪ್ರದರ್ಶಿಸಲು ಜಿಲ್ಲಾಧಿಕಾರಿಗಳ ಪೂರ್ವಾನುಮತಿ ಕಡ್ಡಾಯ. ಅನುಮತಿಯಿಲ್ಲದೆ ಪ್ರದರ್ಶಿಸುವ ಹಕ್ಕು ಕಚೇರಿಯ ಸಿಬ್ಬಂದಿಗೆ ಮಾತ್ರ ಇದೆ.

ತಿಯಾಮಿಕೆ ಕಡ್ಜುವಾ ಆ ಅನುಮತಿ ಪಡೆದೇ ತನ್ನ ಚಿತ್ರಗಳನ್ನು ಪುರಭವನದ ಗೋಡೆಗೆ ನೇತುಹಾಕಿದಳು. ಮಲಾವಿ ಸರೋವರದ ದಡದ ಆ ಊರಲ್ಲಿ ಕ್ಷೌರದಂಗಡಿಗೂ ಶವಪೆಟ್ಟಿಗೆ ಅಂಗಡಿಗೂ ಬೋರ್ಡು ಬರೆದು ಬದುಕುವವಳು ಅವಳು. ಅವಳ ತಾಯಿ ಸಂತೆಯಲ್ಲಿ ಒಣಮೀನು ಮಾರಲು ಪರವಾನಗಿ ಕೇಳಿಕೊಂಡು ಕಚೇರಿಗೆ ಅಲೆದೂ ಅಲೆದೂ, ಸಾಕಿದ ಕೋಳಿಗಳೆಲ್ಲ ಒಂದೊಂದಾಗಿ ಆ ಬಾಗಿಲೊಳಗೆ ಹೋಗಿದ್ದವು. ಪರವಾನಗಿ ಮಾತ್ರ ಹೊರಗೆ ಬಂದಿರಲಿಲ್ಲ.

ಆ ಸಿಟ್ಟನ್ನೇ ಮಗಳು ಬಣ್ಣದಲ್ಲಿ ಕಲಸಿದ್ದಳು. ಚಿತ್ರಗಳಲ್ಲಿ ಮನುಷ್ಯರೇ ಇರಲಿಲ್ಲ. 'ಲೋಭ' ಎಂಬುದರಲ್ಲಿ ಹುರಿದ ಚಾಂಬೊ ಮೀನು. 'ಸೋಮಾರಿತನ'ದಲ್ಲಿ ಕಡತಗಳಿಗೆ ಒರಗಿದ ಆಡಿನ ತೊಡೆ. 'ಭಯ'ದಲ್ಲಿ ಕಾಲು ಕಟ್ಟಿದ ಕೋಳಿ. ಒಂದೊಂದೂ ಒಂದೊಂದು ಕುರ್ಚಿಯ ಮೇಲೆ ಕೂತಿತ್ತು. ಆ ಕುರ್ಚಿಗಳನ್ನು ಊರಲ್ಲಿ ಗುರುತಿಸದವರಿಲ್ಲ.

ಉದ್ಘಾಟನೆಗೆ ಜಿಲ್ಲಾಧಿಕಾರಿ ಕಪಲಮುಲಾ ಅಧಿಕಾರಿಗಳ ದಂಡಿನೊಂದಿಗೆ ಬಂದರು. 'ಲೋಭ'ದ ಮುಂದೆ ಬಹಳ ಹೊತ್ತು ನಿಂತರು. ಜೈಲಿಗೆ ಹೋದರೆ ಹೊದೆಯಲು ಬೇಕೆಂದು ತಿಯಾಮಿಕೆ ಚೀಲದಲ್ಲಿ ಕಂಬಳಿ ಇಟ್ಟುಕೊಂಡೇ ಬಂದಿದ್ದಳು.

"ಯಾರಮ್ಮ ಇದು?"

"ಯಾರೂ ಅಲ್ಲ ಬ್ವಾನಾ, ಸಾಹೇಬ್ರೇ. ಲೋಭ."

"ಕುರ್ಚಿ ನಂದು."

"...ಹೂಂ."

"ಮತ್ತೆ, ಭೂಮಾಪನದವನ ಕುರ್ಚಿ ಮೇಲೆ ಆಡಿನ ತೊಡೆ. ನನಗೆ ಒಂದು ಮೀನು! ನೋಡಿದವರು ಏನಂದ್ಕೋತಾರೆ? ಈ ಜಿಲ್ಲೆ ಯಾರ ಕೈಲಿದೆ ಅಂದ್ಕೋತಾರೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರನ್ನು ನಾವು ಕೇಳಿದ್ದೇವೆ. ಕುಂಬಳಕಾಯಿ ಸಣ್ಣದಾಯಿತೆಂದು ತಕರಾರು ತೆಗೆದವರು ಇವರೇ ಮೊದಲಿಗರು.

ಮರುದಿನ ಸುತ್ತೋಲೆ ಹೊರಟಿತು: "ದೌರ್ಬಲ್ಯವು ಹುದ್ದೆಗೆ ಅನುಗುಣವಾಗಿರತಕ್ಕದ್ದು. ಕಿರಿಯ ಅಧಿಕಾರಿಯು ಮೇಲಧಿಕಾರಿಗಿಂತ ಹೆಚ್ಚು ದುರ್ಬಲನಾಗಿರತಕ್ಕದ್ದಲ್ಲ. ತಪ್ಪಿದಲ್ಲಿ ಪ್ರದರ್ಶನದ ಅನುಮತಿ ರದ್ದು."

ತಿಯಾಮಿಕೆ ಹಲ್ಲು ಕಚ್ಚಿದಳು. ಆಗಲಿ, ದೊಡ್ಡದು ಮಾಡಿದರೆ ನಾಚಿಕೆಯೂ ದೊಡ್ಡದಾದೀತು ಎಂದುಕೊಂಡು ಜಿಲ್ಲಾಧಿಕಾರಿಯ ಕುರ್ಚಿಯ ಮೇಲೆ ಒಂದು ಇಡೀ ಆಡನ್ನೇ ಕೂರಿಸಿದಳು. ಅವರು ಹೆಂಡತಿ ಮಕ್ಕಳನ್ನು ಕರೆತಂದು ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು.

ಆಮೇಲೆ ರವಾನೆ ವಿಭಾಗದ ಗುಮಾಸ್ತೆ ಸೈದಿಯಮ್ಮ ಕಣ್ಣೊರೆಸಿಕೊಳ್ಳುತ್ತ ಬಂದಳು. "ಇಷ್ಟು ವರ್ಷ ದುಡಿದೆ ಕಣವ್ವಾ. ನನಗೊಂದು ದೌರ್ಬಲ್ಯ ಬೇಡ್ವಾ? ನಾಳೆ ನನ್ನ ಮಗಳ ಮದುವೆ ಮಾತುಕತೆಗೆ ಬಂದವರು ಕೇಳಿದ್ರೆ ಏನ್ ಹೇಳ್ಲಿ?"

"ನಿಮಗೇನು ಇಷ್ಟ?"

"ಮಂಡಾಸಿ ಬರೆದುಬಿಡು. ಬಿಸಿದು. ಎಣ್ಣೆ ತೊಟ್ಟಿಕ್ತಿರ್ಲಿ."

ಬೋಂಡದಂಥ ಆ ಮಂಡಾಸಿಗಳನ್ನೂ ಅವಳು ಬರೆದಳು. ಹೀಗೆ ಕಾವಲುಗಾರನವರೆಗೆ ಯಾರನ್ನೂ ಬಿಡದೆ ಎಲ್ಲರಿಗೂ ದೌರ್ಬಲ್ಯ ಮಂಜೂರಾಯಿತು. ಪ್ರದರ್ಶನ ಮುಗಿದ ಮೇಲೆ ಚಿತ್ರಗಳನ್ನು ಸಾರ್ವಜನಿಕ ಹಿತದೃಷ್ಟಿಯಿಂದ ಕಚೇರಿಯ ಪಡಸಾಲೆಯಲ್ಲಿ, ಆಯಾ ಬಾಗಿಲ ಪಕ್ಕದಲ್ಲೇ ತೂಗುಹಾಕಲಾಯಿತು.

ಒಂದು ಸಂಜೆ ತಾಯಿ ಪರವಾನಗಿ ಹಿಡಿದು ಕುಣಿಯುತ್ತ ಮನೆಗೆ ಬಂದಳು.

"ನಿನ್ನ ಹೊಟ್ಟೆ ತಣ್ಣಗಿರ್ಲಿ ಮಗಳೇ! ಇಷ್ಟು ದಿನ ಮಂಡಾಸಿ ತಿನ್ನೋಳಿಗೆ ಕೋಳಿ ಕೊಟ್ಟು ಕೆಟ್ಟೆ. ಕೋಳಿಯವನ ಹತ್ರ ಬರಿಗೈಲಿ ಹೋಗಿ ನಿಂತೆ. ಈಗ ನೋಡು, ಯಾರಿಗೆ ಏನು ಕೊಡ್ಬೇಕಂತ ಗೋಡೆ ಮೇಲೆ ಎಲ್ಲಾ ಬಿಡಿಸಿ ಹಾಕಿದ್ದೀಯ. ಓದಕ್ಕೆ ಬರದವರಿಗೂ ತಿಳಿಯುತ್ತೆ!"

"ಅಮ್ಮಾ, ಅದು ಬೈಗುಳ."

"ಯಾರಿಗೆ?"

ತಿಯಾಮಿಕೆ ಆ ರಾತ್ರಿಯೇ ಚಿತ್ರಗಳನ್ನೆಲ್ಲ ಅಳಿಸಿಬಿಡುವುದೆಂದು ನಿರ್ಧರಿಸಿದಳು. ಬೆಳಗಾಗುತ್ತಲೇ ಕರಿಬಣ್ಣದ ಡಬ್ಬಿ, ಕುಂಚ ಹಿಡಿದು ಕಚೇರಿಗೆ ನಡೆದಳು. ಪಡಸಾಲೆಯ ತುಂಬ ಜನ. ಕೆಲವರ ಕಂಕುಳಲ್ಲಿ ಕೋಳಿ, ಕೆಲವರ ತಲೆಯ ಮೇಲೆ ಮೀನಿನ ಬುಟ್ಟಿ. ಅವಳು ಸ್ಟೂಲು ಹತ್ತಿ ಆಡಿನ ಮುಖಕ್ಕೆ ಕುಂಚ ಒಯ್ಯುತ್ತಿದ್ದಂತೆ ಸಾಲಿಡೀ ಕೂಗಿಕೊಂಡಿತು.

"ಅಯ್ಯಯ್ಯೋ, ಅಳಿಸಬೇಡ ತಾಯಿ! ನಾವಿನ್ನೂ ನೋಡಿಲ್ಲ!"

"ಇದನ್ನ ಅಳಿಸಿದ್ರೆ ಮತ್ತೆ ಕತ್ತಲಲ್ಲಿ ತಡಕಾಡಬೇಕಲ್ಲೇ!" ಎಂದು ಹಿಂದಿನಿಂದ ಒಬ್ಬಾಕೆ ಗದರಿದಳು.

ಸಾಲಿನ ಮುಂದೆ ಒಬ್ಬ ಮುದುಕ ಎರಡು ಆಡುಗಳ ಹಗ್ಗ ಹಿಡಿದು ನಿಂತಿದ್ದ. ಬೆಟ್ಟದಾಚೆಯಿಂದ ನಡೆದು ಬಂದಿದ್ದನಂತೆ, ಪಾದ ಬಿರಿದಿದ್ದವು.

"ಬರೆದೋಳು ನೀನೇನಾ ಅವ್ವಾ? ಒಂದು ಅನುಮಾನ ಇತ್ತು. ನಿನ್ನ ಆಡು ಗಂಡೋ ಹೆಣ್ಣೋ? ತಪ್ಪು ಕೊಟ್ರೆ ವಾಪಸ್ ಕಳಿಸ್ತಾರೆ. ಇನ್ನೊಂದು ಸಲ ನಡೆಯೋ ಶಕ್ತಿ ನನಗಿಲ್ಲ."

ತಿಯಾಮಿಕೆ ಅವನ ಪಾದ ನೋಡಿದಳು. ಆಡುಗಳನ್ನು ನೋಡಿದಳು. ಹೆಣ್ಣಾಡು ಗಬ್ಬವಾಗಿತ್ತು.

"ಗಂಡು, ತಾತ," ಎಂದಳು. ಕುಂಚವನ್ನು ಕರಿಬಣ್ಣದಲ್ಲಿ ಅದ್ದಿ, ಎಲ್ಲರಿಗೂ ಕಾಣುವಂತೆ, ಚಿತ್ರದ ಆಡಿಗೆ ಹೋತದ ಒಂದು ಸೊಂಪಾದ ಗಡ್ಡ ಬರೆದಳು.

ಸಾಲು ಮುಂದೆ ಸರಿಯಿತು.