ಮೊಮ್ಮಗಳ ತೂಕ, ಸೊಸಿಯ ಮಾರ್ಕು

ಸಾಲಿ ಮೆಟ್ಟಲು ಹತ್ತದ ನನ್ನಂಥಾಕಿ ಮನಿಗೂ ಪರೀಕ್ಷಿ ಹುಡುಕ್ಕೊಂಡು ಬರ್ತಾವ ನೋಡ್ರಿ. ಎಂಟು ವರ್ಷದ ಮೊಮ್ಮಗಳು ಒಂದೀಟು ಗುಂಡಗ ಆದದ್ದೇ ತಡ, ನಮ್ಮನ್ಯಾಗ ಇಂಥವು ದಿನಕ್ಕೊಂದು.

೧. ಐದನೇ ಮಾರ್ಕು

ಬಳ್ಳಾರಿ ದವಾಖಾನ್ಯಾಗ ಕೂಸನ್ನ ತೂಗಿದ ನರ್ಸಮ್ಮ, ಪ್ರಶ್ನಿ ಹಾಳಿ ಮಾತ್ರ ಅವ್ವ-ಅಪ್ಪನ ಕೈಗೆ ಕೊಟ್ಲು. "ಮಗಳ ಚಿಂತಿ ನಿಮ್ಮನ್ನ ಎಷ್ಟು ಕಾಡ್ತೈತಿ? ಸೊನ್ನಿಯಿಂದ ನಾಕರ ತನಕ ಬರೀರಿ."

ಸೊಸಿ ಎಲ್ಲಾ ಪ್ರಶ್ನಿಗೂ ನಾಕು ಬರದ್ಲು. ನನ್ನ ಮಗ ಎಲ್ಲಾಕೂ ಸೊನ್ನಿ.

"ನಿಮಗ ಚಿಂತಿನ ಇಲ್ಲೇನ್ರಿ?" ನರ್ಸಮ್ಮ ಕೇಳಿದ್ಲು.

"ಅದನ್ನೆಲ್ಲಾ ಅಕಿನ ನೋಡ್ಕೊಂತಾಳ್ರಿ."

ಸೊಸಿ ಹಾಳಿ ವಾಪಸ್ ಕಸಗೊಂಡು, ತನ್ನ ನಾಕನ್ನೆಲ್ಲಾ ಹೊಡದು ಐದು ಮಾಡಿದ್ಲು.

೨. ಮೂರನೇ ಹೋಳಿಗಿ

ಸಿರುಗುಪ್ಪದಾಗ ದೂರದ ಬೀಗರ ಮನ್ಯಾಗ ಬಸರಿ ಹೆಣ್ಮಗಳ ಕುಬಸ. "ಮಗಳಿಗೆ ಏನು ತಿನ್ನಸ್ತೀಯವ್ವಾ ಇಷ್ಟು?" ಅನಕೋತ ಬೀಗತಿ ಕೂಸಿನ ಎಲಿಗೆ ಮೂರನೇ ಹೋಳಿಗಿ ಹಾಕಿದ್ಲು. ಸೊಸಿ ಕೈ ಅಡ್ಡ ಹಿಡದ್ರ, "ಅಯ್ಯ, ಕೂಸನ್ನ ಉಪವಾಸ ಕೆಡವ್ತಿಯಲ್ಲೇ!"

ಬಸ್ಸಿನ್ಯಾಗ ಸೊಸಿ ಅಂದ್ಲು: "ಅತ್ತಿ, ಆ ಹಾಳ್ಯಾಗ ಬೀಗರಿಗೊಂದು ಬ್ಯಾರೆ ಕಾಲಂ ಬೇಕಿತ್ತು."

೩. ಕಾಗಿ ತುತ್ತು

ನರ್ಸಮ್ಮ ವಾರಕ್ಕೊಮ್ಮಿ ತೂಕದ ಮಷೀನು, ಅದೇ ಪ್ರಶ್ನಿ ಹಾಳಿ ಹಿಡ್ಕೊಂಡು ಮನಿಗೆ ಬರಾಕತ್ತಿದ್ಲು. ರೊಟ್ಟಿ ಎಣಿಸಿ ಕೊಟ್ರೂ ತೂಕ ಇಳಿವಲ್ದು. ಸೊಸಿ ಒಲಿ ಮುಂದ ಕುಂತು ಅತ್ಲು: "ನಾ ಎಲ್ಲಿ ತಪ್ಪಾಕತ್ತೀನಿ?"

ಮೊಮ್ಮಗಳಿಗೆ ತಡಿಲಿಲ್ಲ. "ನಿನ್ನ ತಪ್ಪಲ್ಲವ್ವಾ. ನೀ ಕೆಲಸಕ್ಕ ಹೋದ ಮ್ಯಾಲ ಅಜ್ಜಿ ಕಾಗಿ ತುತ್ತು, ಗುಬ್ಬಿ ತುತ್ತು, ಮಾವನ ತುತ್ತು ಅಂತ ಎಲ್ಲಾ ನನಗ ತಿನ್ನಸ್ತಾಳ."

ಸೊಸಿ ನನ್ನ ಕಡಿ ತಿರುಗಿದ್ಲು. ನಾ ಕಾಗಿ ಕರಿಯಾಕಂತ ಮಾಳಗಿ ಏರಿದೆ.

೪. ಕುರುಗೋಡಿನಾಕಿ

ಅವತ್ತಿಂದ ಮೊಮ್ಮಗಳಿಗೆ ಕೈತುತ್ತು ಬಂದ್. ಆದ್ರ ನನ್ನ ಕೈ ಸುಮ್ನಿರಬೇಕಲ್ಲ? ಮನಿಗೆ ಬಂದಾಕಿನ್ನ ಬರೇ ಹೊಟ್ಟೀಲೆ ಕಳಸೋ ಪದ್ಧತಿನೂ ನಮ್ಮಲ್ಲಿಲ್ಲ. ಬಂದಾಗೊಮ್ಮಿ ನರ್ಸಮ್ಮಗ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ, ಮ್ಯಾಲೆ ತುಪ್ಪದ ಉಂಡಿ. ವಾರಕ್ಕಾಗೋವಷ್ಟು ಡಬ್ಬಿಗೆ ತುಂಬಿ ಕೊಟ್ಟಿದ್ದು ಬ್ಯಾರೆ. ಮೊಮ್ಮಗಳ ತೂಕ ಇಳೀತು. ಹಾಳ್ಯಾಗ ಸೊಸಿಯ ಐದು ಒಂದಕ್ಕ ಬಂತು.

ಒಂದಿನ ಕುರುಗೋಡಿಂದ ಒಬ್ಬಾಕಿ ಬಂದು ಬಾಗಲದಾಗ ನಿಂತ್ಲು.

"ನಾ ನರ್ಸಮ್ಮನ ಅವ್ವರಿ. ಬರೋ ತಿಂಗಳು ಅಕಿ ಲಗ್ನ. ಹೊಲಿಸಿದ ಜಂಪರ್ ಒಂದೂ ಮೈಗೆ ಹತ್ತವಲ್ದು! ಏನು ತಿನ್ನಸ್ತೀರ್ರಿ ನನ್ನ ಮಗಳಿಗೆ? ಚಿಂತ್ಯಾಗ ನನಗ ನಿದ್ದಿನ ಇಲ್ಲ!"

ಸೊಸಿ ಒಳಗ ಹೋಗಿ ನರ್ಸಮ್ಮ ಬಿಟ್ಟುಹೋಗಿದ್ದ ಖಾಲಿ ಹಾಳಿ ತಂದು, ಪೆನ್ನು ಅಕಿ ಕೈಗೆ ಕೊಟ್ಲು.

"ಕುಂದರ್ರಿ ಅಕ್ಕಾರ. ಸೊನ್ನಿಯಿಂದ ನಾಕರ ತನಕ ಬರೀರಿ. ಸಾಲಲಿಲ್ಲಂದ್ರ ಐದೂ ನಡೀತೈತಿ."